ಲಂಕೆಗೆ ಮೊದಲ ಸಲ ಹೊರಟವರಿಗೆ



ನಿಮ್ಮಲ್ಲಿ ಹಲವರಿಗೆ ಮೊದಲ ವಿದೇಶ ಪ್ರವಾಸ ಎಂದರೆ ಶ್ರೀಲಂಕಾ. ಚೆನ್ನೈನಿಂದ ವಿಮಾನದಲ್ಲಿ ಸುಮಾರು ಒಂದೂವರೆ ಗಂಟೆ. ಗಡಿಯಾರ ತಿರುಗಿಸುವ ಕೆಲಸವಿಲ್ಲ, ಅಲ್ಲಿನ ಸಮಯವೂ ನಮ್ಮದೇ. ಇಷ್ಟು ಹತ್ತಿರ ಎಂಬ ಧೈರ್ಯದಲ್ಲೇ ನಮ್ಮ ಜನ ಸಿದ್ಧತೆಯಿಲ್ಲದೆ ಹೊರಟುಬಿಡುತ್ತಾರೆ. ಹನುಮಂತನಿಗೆ ಒಂದು ನೆಗೆತ ಸಾಕಾಯಿತು. ನಮಗೆ ಇನ್ನೂ ಆರು ತಿಂಗಳಾದರೂ ಅವಧಿ ಉಳಿದಿರುವ ಪಾಸ್‌ಪೋರ್ಟ್ ಬೇಕು, ಆನ್‌ಲೈನಿನಲ್ಲಿ ಮೊದಲೇ ಪಡೆಯುವ ಇ.ಟಿ.ಎ. ಎಂಬ ಅನುಮತಿ ಬೇಕು. ಇದರ ಶುಲ್ಕದ ನಿಯಮ ಆಗಾಗ ಬದಲಾಗಿದೆ. ಟಿಕೆಟ್ ತೆಗೆಯುವ ಮುಂಚೆ ಶ್ರೀಲಂಕಾ ಸರ್ಕಾರದ ತಾಣದಲ್ಲೇ ನೋಡಿಕೊಳ್ಳಿ.

ಈಗ ಮುಖ್ಯ ವಿಷಯ, ಮಳೆ. ಮುಂಬೈ, ಪುಣೆಯ ಕೇಳುಗರಿಗೆ ಮಳೆಗಾಲ ಜೂನ್‌ನಿಂದ ಸೆಪ್ಟೆಂಬರ್. ಚೆನ್ನೈನವರಿಗೆ ಅಕ್ಟೋಬರ್‌ನಿಂದ ಡಿಸೆಂಬರ್. ಶ್ರೀಲಂಕಾದಲ್ಲಿ ಎರಡು ಮಳೆಗಾಲವೂ ಇವೆ, ಆದರೆ ಬೇರೆ ಬೇರೆ ದಂಡೆಗೆ. ನಡುವಿನ ಬೆಟ್ಟಗಳೇ ಕಾರಣ. ಆಗುಂಬೆಯಲ್ಲಿ ಸುರಿದ ಮಳೆ ಚಿತ್ರದುರ್ಗಕ್ಕೆ ಬಾರದ ಹಾಗೆ. ಮೇನಿಂದ ಸೆಪ್ಟೆಂಬರ್‌ವರೆಗೆ ಕೊಲಂಬೊ, ಬೆಂಟೋಟ, ಉನವಟುನ ಕಡೆಯ ಕಡಲು ಒರಟು. ಆಗ ಪೂರ್ವದ ಟ್ರಿಂಕೋಮಲಿ, ಪಾಸಿಕುಡ ಶಾಂತ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಇದು ತಿರುವುಮುರುವು. ಅಂದರೆ ಮಕ್ಕಳ ಮೇ ರಜೆಗೆ ಹೋಗುವವರು ಪೂರ್ವ ಕರಾವಳಿ ನೋಡಿ, ಕ್ರಿಸ್‌ಮಸ್ ರಜೆಯವರು ಪಶ್ಚಿಮ ಮತ್ತು ದಕ್ಷಿಣ.

ದೀಪಾವಳಿ ರಜೆಯ ಬಗ್ಗೆ ನನಗೆ ಅಳುಕಿದೆ. ಅಕ್ಟೋಬರ್, ನವೆಂಬರ್ ಗುಡುಗು ಮಳೆಯ, ಚಂಡಮಾರುತದ ತಿಂಗಳುಗಳು. 2025ರ ನವೆಂಬರ್ ಕೊನೆಯಲ್ಲಿ ಬಂದ ದಿತ್ವಾ ಚಂಡಮಾರುತದಲ್ಲಿ ಪ್ರವಾಹ, ಭೂಕುಸಿತಗಳಿಂದ ಆರುನೂರಕ್ಕೂ ಹೆಚ್ಚು ಜನ ಸತ್ತರು. ಬೆಟ್ಟದ ರೈಲು ಹಳಿಗಳೂ ಹಾಳಾದವು. ಕ್ಯಾಂಡಿಯಿಂದ ಎಲ್ಲ ಎಂಬ ಊರಿಗೆ ಹೋಗುವ ಆ ಪ್ರಸಿದ್ಧ ರೈಲನ್ನು ನಂಬಿ ಪ್ರವಾಸ ಹೆಣೆಯುವವರು, ಅದು ಎಲ್ಲಿಂದ ಎಲ್ಲಿಗೆ ಓಡುತ್ತಿದೆ ಎಂದು ಮೊದಲು ವಿಚಾರಿಸಿ.

ಕಡಲು ಶಾಂತವಾಗಿ ಕಂಡರೂ ಒಳಸೆಳೆತ ಇರಬಹುದು. ಕೆಂಪು ಬಾವುಟ ಕಂಡರೆ ಮೊಣಕಾಲುದ್ದ ನೀರಿಗೂ ಇಳಿಯಬೇಡಿ. ಸೆಳೆತಕ್ಕೆ ಸಿಕ್ಕರೆ ದಡದ ಕಡೆ ನೇರ ಈಜಿ ಸುಸ್ತಾಗಬಾರದು. ತೇಲಿಕೊಂಡು, ಕೈ ಎತ್ತಿ ಸಹಾಯ ಕೇಳಿ, ಆದರೆ ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಸರಿಯಬೇಕು. ಮಕ್ಕಳಿಗೆ ಇದನ್ನು ಮನೆಯಲ್ಲೇ ಹೇಳಿಕೊಡಿ.

ದೇಶ ಚಿಕ್ಕದು, ಕರ್ನಾಟಕದ ಮೂರನೆಯ ಒಂದು ಭಾಗದಷ್ಟು. ಹಾಗೆಂದು ಐದು ದಿನದಲ್ಲಿ ಎಂಟು ಊರು ಬರೆದುಕೊಳ್ಳಬೇಡಿ. ಕೊಲಂಬೊದಿಂದ ಕ್ಯಾಂಡಿಗೆ ಸುಮಾರು 115 ಕಿಲೋಮೀಟರು, ರಸ್ತೆಯಲ್ಲಿ ಮೂರು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಐದು ದಿನಕ್ಕೆ ಮೂರು ಊರು ಧಾರಾಳ. ಪೆಟ್ಟಿಗೆಗೆ ಹತ್ತಿಬಟ್ಟೆ ಸರಿ, ಜೊತೆಗೆ ಒಂದು ಸ್ವೆಟರ್ ಇರಲಿ. ನುವರ ಎಲಿಯ 1,800 ಮೀಟರಿಗಿಂತ ಎತ್ತರದಲ್ಲಿದೆ. ಮಲೇರಿಯಾ ಇಲ್ಲದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲೇ ಸಾರಿದೆ, ಡೆಂಗ್ಯೂ ಮಾತ್ರ ಇದೆ. ಹಗಲಲ್ಲೂ ತುಂಬುತೋಳು, ಸೊಳ್ಳೆಯ ಮುಲಾಮು ಬೇಕು. ಬಿ.ಪಿ., ಸಕ್ಕರೆ ಕಾಯಿಲೆಯ ಮಾತ್ರೆಗಳು ಚೀಟಿಸಮೇತ ಕೈಚೀಲದಲ್ಲೇ ಇರಲಿ.

ಸಸ್ಯಾಹಾರಿಗಳೇ, ಇಲ್ಲಿ ಕಿವಿಗೊಡಿ. ಅಲ್ಲಿನ ಇಂಡಿ ಆಪ್ಪ ನಮ್ಮ ಒತ್ತು ಶಾವಿಗೆಯ ತಮ್ಮ. ಅದರ ಜೊತೆ ಬರುವ ಕೆಂಪನೆಯ ಕಾಯಿ ಚಟ್ನಿ, ಪೊಳ್ ಸಂಬೋಲ, ಕಂಡರೆ ಬಾಯಲ್ಲಿ ನೀರೂರುತ್ತದೆ. ಆದರೆ ಅದರಲ್ಲಿ ಸಾಮಾನ್ಯವಾಗಿ ಉಂಬಲಕಡ, ಅಂದರೆ ಒಣಮೀನಿನ ಪುಡಿ, ಕುಟ್ಟಿ ಸೇರಿಸಿರುತ್ತಾರೆ. ಕೆಲವೊಮ್ಮೆ ಬೇಳೆಗೂ. ‘ವೆಜ್’ ಎಂದರೆ ಸಾಲದು. ‘ಉಂಬಲಕಡ ಬೇಡ’ ಎಂದು ಹೆಸರು ಹಿಡಿದೇ ಹೇಳಿ. ಕೊಲಂಬೊದ ವೆಳ್ಳವತ್ತೆ, ಉತ್ತರದ ಜಾಫ್ನಾಗಳಲ್ಲಿ ತಮಿಳರ ‘ಶೈವ’ ಊಟದ ಮನೆಗಳಿವೆ. ಚೆನ್ನೈ ಕೇಳುಗರ ತಮಿಳು ಅಲ್ಲಿ ಚೆನ್ನಾಗಿ ಉಪಯೋಗಕ್ಕೆ ಬರುತ್ತದೆ.

ಬೌದ್ಧ ಗುಡಿಗಳಲ್ಲಿ ಭುಜ, ಮೊಣಕಾಲು ಮುಚ್ಚಿರಬೇಕು. ಬುದ್ಧನಿಗೆ ಬೆನ್ನು ಹಾಕಿ ಫೋಟೋ ತೆಗೆಸಿಕೊಳ್ಳಬಾರದು. ತೋಳಿನ ಮೇಲೆ ಬುದ್ಧನ ಹಚ್ಚೆ ಇದ್ದ ಬ್ರಿಟನ್ನಿನ ಪ್ರವಾಸಿಯೊಬ್ಬರನ್ನು 2014ರಲ್ಲಿ ವಾಪಸ್ ಕಳಿಸಿಬಿಟ್ಟರು. ಪ್ರತಿ ಹುಣ್ಣಿಮೆಯೂ ಅಲ್ಲಿ ಸರ್ಕಾರಿ ರಜೆ. ಅಂದು ಮದ್ಯದಂಗಡಿಗಳು ಮುಚ್ಚಿರುತ್ತವೆ. (ಮನೆಯ ಹೆಂಗಸರಿಗೆ ಇದು ಒಳ್ಳೆಯ ಸುದ್ದಿಯೂ ಆಗಬಹುದು!)

2024ರ ಫೆಬ್ರುವರಿಯಿಂದ ನಮ್ಮ ಯು.ಪಿ.ಐ. ಅಲ್ಲಿಯೂ ಬಂದಿದೆ. ಆದರೂ ಎಳನೀರಿನವನಿಗೆ, ಆಟೋದವನಿಗೆ ಕೊಡಲು ಅಲ್ಲಿನ ರೂಪಾಯಿ ಕೈಯಲ್ಲಿರಲಿ.

ಕೊನೆಗೆ, ಮನೆಮಂದಿಯೆಲ್ಲರ ಮೊಬೈಲಿನಲ್ಲೂ ಎರಡು ನಂಬರ್ ಬರೆದಿಡಿ. ಪೊಲೀಸರಿಗೆ 119. ಉಚಿತ ಆಂಬುಲೆನ್ಸಿಗೆ 1990. ಇದು ಭಾರತದ ನೆರವಿನಿಂದಲೇ 2016ರಲ್ಲಿ ಶುರುವಾದ ಸೇವೆ.