ಕೋಳಿಗೂಡಿನ ಬಳಿ ಹಾವು ಕಂಡಾಗ

(ಗ್ರಾಮ ಪಂಚಾಯಿತಿ ಸದಸ್ಯರ ತಾಲ್ಲೂಕು ಮಟ್ಟದ ಸಭೆಯಲ್ಲಿ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯೊಬ್ಬರು ಮಾಡಿದ ಭಾಷಣದ ಪಠ್ಯ. ಸದಸ್ಯರ ಕೋರಿಕೆಯ ಮೇರೆಗೆ ಇಲ್ಲಿ ಪ್ರಕಟಿಸಲಾಗಿದೆ.)



ಕ್ರಿಯಾಯೋಜನೆ, ತೆರಿಗೆ ವಸೂಲಿ, ಕುಡಿಯುವ ನೀರು ಮುಂತಾದ ವಿಷಯಗಳ ನಡುವೆ ಹಾವು ಮತ್ತು ಕೋಳಿಗೂಡಿನ ವಿಷಯಕ್ಕೆ ಅರ್ಧ ಗಂಟೆ ಏಕೆ ಎಂದು ತಮ್ಮಲ್ಲಿ ಕೆಲವರಿಗೆ ಅನಿಸಿರಬಹುದು. ಈ ವಿಷಯವನ್ನು ಕೇಳಿ ಪಡೆದವನು ನಾನೇ. ಅದಕ್ಕೊಂದು ಕಾರಣವಿದೆ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೂರು ವರ್ಷಗಳ ಹಿಂದೆ ನಮ್ಮ ಪಂಚಾಯಿತಿಯ ಸಂಜೀವಿನಿ ಸ್ವಸಹಾಯ ಸಂಘವೊಂದರ ಸದಸ್ಯೆಯರು ಗಿರಿರಾಜ ಕೋಳಿ ಸಾಕಲು ತೀರ್ಮಾನಿಸಿದರು. ಹತ್ತು ಹನ್ನೆರಡು ಕೋಳಿಗಳಿಗೆ ಸಾಕಾಗುವಂಥ ಗೂಡಿನ ನಕ್ಷೆಯೊಂದನ್ನು ಮಾಡಿಕೊಡಿ ಎಂದು ನನ್ನನ್ನು ಕೇಳಿದರು. ಎಂಜಿನಿಯರಿಂಗ್ ಓದಿದವನೆಂಬ ಹುರುಪಿನಿಂದ ಒಂದೇ ಸಂಜೆಯಲ್ಲಿ ನಕ್ಷೆ ಬರೆದುಕೊಟ್ಟೆ. ಗಾಳಿ, ಬೆಳಕು, ಮಳೆನೀರು ಹರಿಯುವ ಇಳಿಜಾರು, ಎಲ್ಲವನ್ನೂ ಲೆಕ್ಕ ಹಾಕಿದ್ದೆ. ಖರ್ಚು ತಗ್ಗಿಸಲೆಂದು ಎರಡು ಕಡೆ ಕೈ ಬಿಗಿ ಹಿಡಿದೆ. ಗೂಡಿಗೆ ಕಾಲುಗಳನ್ನು ಕೊಡದೆ ನೆಲದ ಮೇಲೆಯೇ ಕೂರಿಸಿದೆ. ಸುತ್ತಲೂ ಒಂದು ಅಂಗುಲ ಕಣ್ಣಿನ ಸಾಧಾರಣ ಕೋಳಿಜಾಲರಿಯನ್ನು ಸೂಚಿಸಿದೆ. ಆ ನಕ್ಷೆಯಂತೆ ಹನ್ನೊಂದು ಗೂಡುಗಳು ಎದ್ದವು.

ಮರುವರ್ಷದ ಮಳೆಗಾಲದಲ್ಲಿ, ಬೆಳಗಿನ ಜಾವ ಐದರ ಹೊತ್ತಿಗೆ, ಆ ಸಂಘದ ಹಿರಿಯ ಸದಸ್ಯೆಯೊಬ್ಬರು ಮೊಟ್ಟೆ ತೆಗೆಯಲು ಗೂಡಿನೊಳಗೆ ಕೈ ಹಾಕಿದರು. ಹೇಂಟೆ ಕಾವಿಗೆ ಕೂತಿರಬೇಕು, ಅದೇ ಕುಕ್ಕಿತು ಎಂದುಕೊಂಡರಂತೆ. ಟಾರ್ಚು ತಂದು ನೋಡಿದಾಗ ಮೂಲೆಯಲ್ಲಿ ನಾಗರಹಾವು. ಮನೆಯವರು ಗಾಬರಿಯಲ್ಲಿ ಮುಂಗೈಗೆ ಹಗ್ಗ ಬಿಗಿದು, ಸೊಪ್ಪಿನ ಔಷಧಿ ಕೊಡುವವರೊಬ್ಬರ ಬಳಿಗೆ ಕರೆದೊಯ್ದರು. ಅಲ್ಲಿ ಸುಮಾರು ಎರಡು ಗಂಟೆ ಕಳೆಯಿತು. ರೆಪ್ಪೆಗಳು ಜೋತುಬಿದ್ದು ಮಾತು ತೊದಲತೊಡಗಿದ ಮೇಲೆ ಆಸ್ಪತ್ರೆಗೆ ಸೇರಿಸಿದರು. ಪ್ರತಿವಿಷ ಕೊಟ್ಟು, ಉಸಿರಾಟದ ಯಂತ್ರದ ಮೇಲಿಟ್ಟು ವೈದ್ಯರು ಜೀವ ಉಳಿಸಿದರು. ಆದರೆ ಕಚ್ಚಿದ ಜಾಗದ ಮಾಂಸ ಕೊಳೆತು ಬಲಗೈಯ ಎರಡು ಬೆರಳುಗಳನ್ನು ತೆಗೆಯಬೇಕಾಯಿತು. ಅವರು ಬೀಡಿ ಕಟ್ಟಿ ಜೀವನ ಸಾಗಿಸುತ್ತಿದ್ದವರು.

ನೋಡಲು ಹೋದಾಗ ಆ ತಾಯಿ ಹೇಳಿದ್ದು ಇಷ್ಟೇ: "ಹಾವಿನದೇನು ತಪ್ಪು ಸಾರ್, ಕತ್ತಲಲ್ಲಿ ಕೈ ಹಾಕಿದವಳು ನಾನು." ನಾನು ಹಿಂದಿರುಗುವಾಗ ಗೂಡಿನ ಜಾಲರಿಯ ಕಣ್ಣಿಗೆ ನನ್ನ ಹೆಬ್ಬೆರಳನ್ನು ತೂರಿಸಿ ನೋಡಿದೆ. ಸಲೀಸಾಗಿ ಹೋಯಿತು. ಕೋಳಿ ಹೊರಬರದಂತೆ ತಡೆಯುವುದನ್ನು ಮಾತ್ರ ನಾನು ಯೋಚಿಸಿದ್ದೆ. ಒಳಗೆ ಏನು ಬರಬಹುದೆಂಬುದನ್ನು ಯೋಚಿಸಿರಲಿಲ್ಲ.

ಹಾವು ಗೂಡಿಗೆ ಬರುವುದು ನಮ್ಮ ಮೇಲಿನ ದ್ವೇಷದಿಂದಲ್ಲ. ಕೋಳಿಗೆ ಹಾಕಿದ ಜೋಳ, ನುಚ್ಚು ನೆಲದ ಮೇಲೆ ಉಳಿದರೆ ಇಲಿ ಬರುತ್ತದೆ. ಇಲಿಯ ಹಿಂದೆ ಹಾವು ಬರುತ್ತದೆ. ಮೊಟ್ಟೆ, ಮರಿ ಸಿಕ್ಕಿದರೆ ಅದಕ್ಕೆ ಲಾಭ. ಹಾವು ತಾನಾಗಿ ಬಿಲ ತೋಡುವುದು ಅಪರೂಪ. ಗೆದ್ದಲು ಕಟ್ಟಿದ ಹುತ್ತಕ್ಕೆ ಹಾವು ಸೇರಿದಂತೆ, ಇಲಿ ತೋಡಿದ ಬಿಲವೇ ಅದಕ್ಕೆ ಮನೆ. ಆದ್ದರಿಂದ ಗೂಡಿನ ಸುತ್ತ ಇಲಿಬಿಲವಿದ್ದರೆ ಆ ಮನೆಯವರಿಗೆ ಮೊದಲ ಎಚ್ಚರಿಕೆ ಸಿಕ್ಕಿದೆಯೆಂದೇ ಭಾವಿಸಬೇಕು.

ಕೋಳಿ ಕಾಣೆಯಾದಾಗಲೆಲ್ಲ ಹಾವನ್ನು ದೂರುವ ಅಭ್ಯಾಸವೂ ನಮ್ಮಲ್ಲಿದೆ. ಗುರುತುಗಳನ್ನು ನೋಡಬೇಕು. ಹಾವು ಮೊಟ್ಟೆಯನ್ನೂ ಮರಿಯನ್ನೂ ಇಡಿಯಾಗಿ ನುಂಗುತ್ತದೆ. ಚಿಪ್ಪಾಗಲಿ ಪುಕ್ಕವಾಗಲಿ ಉಳಿಯುವುದಿಲ್ಲ. ಒಡೆದ ಚಿಪ್ಪು ಬಿದ್ದಿದ್ದರೆ ಅದು ಇಲಿಯದೋ ಕಾಗೆಯದೋ ಕೆಲಸ. ನಾಲ್ಕಾರು ಕೋಳಿಗಳು ಕತ್ತು ಕಚ್ಚಿಸಿಕೊಂಡು ಸತ್ತು ಬಿದ್ದಿದ್ದರೆ ಮುಂಗುಸಿ, ಪುನುಗು ಬೆಕ್ಕು ಅಥವಾ ನಾಯಿಯನ್ನು ಶಂಕಿಸಬೇಕು. ದೊಡ್ಡ ಕೋಳಿಯೊಂದು ಸತ್ತು, ಅದರ ತಲೆ ಕತ್ತು ಮಾತ್ರ ಒದ್ದೆಯಾಗಿದ್ದರೆ, ಹಾವು ನುಂಗಲು ನೋಡಿ ಆಗದೆ ಬಿಟ್ಟು ಹೋಗಿರುವ ಸಾಧ್ಯತೆ ಉಂಟು. ಇನ್ನು, ಕೊಕ್ಕರೆ ರೋಗ ಬಂದರೆ ಒಂದೇ ವಾರದಲ್ಲಿ ಇಡೀ ಊರಿನ ಕೋಳಿಗಳು ಹೋಗುತ್ತವೆ. ಲಸಿಕೆ ಹಾಕಿಸದೆ ಹಾವಿಗೆ ಹೆದರುವವರನ್ನು ಕಂಡಾಗ ನನಗೆ ಸ್ವಲ್ಪ ಬೇಸರವಾಗುತ್ತದೆ. ಅದು ಬೇರೆ ಮಾತು.

ಹಿತ್ತಲಲ್ಲಿ ಕಾಣುವ ಹಾವುಗಳಲ್ಲಿ ವಿಷವಿಲ್ಲದವೂ ಬಹಳ. ಕೇರೆಹಾವು ಕೋಳಿಗೂಡಿನ ಹಳೆಯ ಅತಿಥಿ. ಅದಕ್ಕೆ ವಿಷವಿಲ್ಲ, ರೈತನ ಕಣಜದ ಇಲಿಗಳನ್ನು ತಿನ್ನುವುದರಿಂದ ಉಪಕಾರಿಯೇ ಸರಿ. ಅದನ್ನು ಕೊಂದ ಹಿತ್ತಲಲ್ಲಿ ಇಲಿ ಹೆಚ್ಚುತ್ತದೆ, ಆ ಇಲಿಗಾಗಿ ನಾಗರ ಬರುತ್ತದೆ. ಮನುಷ್ಯರ ಸಾವಿಗೆ ಮುಖ್ಯವಾಗಿ ಕಾರಣವಾಗುವವು ನಾಲ್ಕು: ನಾಗರ, ಕಟ್ಟುಹಾವು, ಕೊಳಕು ಮಂಡಲ ಮತ್ತು ಗರಗಸ ಮಂಡಲ. ನಮ್ಮ ಆಸ್ಪತ್ರೆಗಳಲ್ಲಿ ದೊರೆಯುವ ಪ್ರತಿವಿಷ ಈ ನಾಲ್ಕಕ್ಕೂ ಕೆಲಸ ಮಾಡುತ್ತದೆ. ಕೊಳಕು ಮಂಡಲವನ್ನು ಹೆಬ್ಬಾವಿನ ಮರಿಯೆಂದು, ಕಟ್ಟುಹಾವನ್ನು ನಿರುಪದ್ರವಿಯಾದ ತೋಳಹಾವೆಂದು ತಿಳಿದು ಕೈಯಿಂದ ಹಿಡಿದು ಪ್ರಾಣ ಕಳೆದುಕೊಂಡವರಿದ್ದಾರೆ. ಆದಕಾರಣ ಸದಸ್ಯರು ಹಾವಿನ ಜಾತಿಯನ್ನು ಗುರುತಿಸುವ ಪರಿಣತಿಗೆ ಆಸೆಪಡುವುದು ಬೇಡ. ಯಾವ ಹಾವಾದರೂ ಅಂತರ ಒಂದೇ ಇರಲಿ. ಮುಂಗಾರಿನಲ್ಲಿ ಮೊಟ್ಟೆಯೊಡೆದು ಬರುವ ನಾಗರದ ಮರಿ ಪೆನ್ಸಿಲಿನಷ್ಟೇ ದಪ್ಪವಿದ್ದರೂ ಹುಟ್ಟಿದ ದಿನವೇ ಅದಕ್ಕೆ ವಿಷವಿರುತ್ತದೆ.

ಹಾವು ಕಂಡ ಕ್ಷಣದಲ್ಲಿ ಏನು ಮಾಡಬೇಕು? ಇದನ್ನು ನಾನು ಹೇಳುವುದಕ್ಕಿಂತ ನಮ್ಮ ಪಂಚಾಯಿತಿಯ ಸದಸ್ಯೆಯೊಬ್ಬರು ಮಾಡಿದ್ದನ್ನು ಹೇಳುವುದು ಮೇಲು. ಕಳೆದ ಆಷಾಢದಲ್ಲಿ ಅವರ ವಾರ್ಡಿನ ಮನೆಯೊಂದರ ಗೂಡಿಗೆ ಹಾವು ನುಗ್ಗಿತು. ಅವರು ತಲುಪುವಷ್ಟರಲ್ಲಿ ಹದಿನೈದು ಜನ ದೊಣ್ಣೆ, ಗುದ್ದಲಿ ಹಿಡಿದು ಸೇರಿದ್ದರು. ಒಬ್ಬ ಯುವಕ ಮೊಬೈಲಿನಲ್ಲಿ ವಿಡಿಯೋ ತೆಗೆಯಲು ಗೂಡಿಗೇ ಆತು ನಿಂತಿದ್ದ. ಆಕೆ ಮೊದಲು ಮಕ್ಕಳನ್ನೂ ನಾಯಿಯನ್ನೂ ಮನೆಯೊಳಗೆ ಕಳಿಸಿದರು. ಎಲ್ಲರನ್ನೂ ಹತ್ತು ಹೆಜ್ಜೆ ಹಿಂದಕ್ಕೆ ಸರಿಸಿದರು. ಬಳಿಕ ಒಂದು ಪ್ಲಾಸ್ಟಿಕ್ ಕುರ್ಚಿ ತರಿಸಿ, ಹಾವು ಕಾಣುವಷ್ಟು ದೂರದಲ್ಲಿ ಕುಳಿತು, ವಲಯ ಅರಣ್ಯಾಧಿಕಾರಿಗಳ ಕಚೇರಿಗೆ ಫೋನು ಮಾಡಿದರು. ಹಾವು ಹಿಡಿಯುವವರು ಬರಲು ಒಂದು ಗಂಟೆಯಾಗುತ್ತದೆಂಬ ಉತ್ತರ ಬಂತು. ಆಕೆ ಟೀ ತರಿಸಿದರು. ಕುರ್ಚಿಯ ಮೇಲೆ ಕೂತು ಟೀ ಕುಡಿಯುತ್ತಿರುವವರ ಮುಂದೆ ದೊಣ್ಣೆ ಹಿಡಿದು ನಿಲ್ಲುವುದು ಗಂಡಸರಿಗೆ ಮುಜುಗರವಾಯಿತೋ ಏನೋ, ಒಬ್ಬೊಬ್ಬರಾಗಿ ಚದುರಿದರು. ಗದ್ದಲ ಅಡಗಿದ ಇಪ್ಪತ್ತು ನಿಮಿಷಕ್ಕೆ ಹಾವು ಜಾಲರಿಯಿಂದ ಹೊರಬರಲು ಯತ್ನಿಸಿತು. ಮೂರು ಮೊಟ್ಟೆ ನುಂಗಿದ್ದರಿಂದ ಬಂದ ಕಣ್ಣಿನಲ್ಲಿ ಹೋಗಲಾಗಲಿಲ್ಲ. ಹಿಡಿಯುವವರು ಬಂದಾಗ ತಿಳಿದದ್ದು, ಅದು ಆರಡಿಯ ಕೇರೆ. ನಾಗರವಾಗಿದ್ದರೂ ಆಕೆ ಮಾಡುತ್ತಿದ್ದುದು ಇದನ್ನೇ.

ಹಾವು ಬಯಲಿನಲ್ಲಿದ್ದು, ಹೋಗಲು ದಾರಿಯಿದ್ದರೆ ದಾರಿ ಬಿಡುವುದಷ್ಟೇ ನಮ್ಮ ಕೆಲಸ. ಮನೆಯೊಳಗೋ ಗೂಡಿನೊಳಗೋ ಸಿಕ್ಕಿಕೊಂಡಿದ್ದರೆ ಮಾತ್ರ ತರಬೇತಿ ಪಡೆದವರನ್ನು ಕರೆಯಬೇಕು. ಅವರು ಬರುವವರೆಗೆ ಒಬ್ಬರು ಕಣ್ಣಿಡಬೇಕು. ಎಲ್ಲರೂ ಹೋಗಿಬಿಟ್ಟರೆ ಹಾವು ಎಲ್ಲಿ ಸೇರಿತೆಂಬ ಚಿಂತೆಯಲ್ಲಿ ಆ ಮನೆಯವರು ರಾತ್ರಿಯಿಡೀ ನಿದ್ರೆ ಮಾಡುವುದಿಲ್ಲ. ನಾಗರ, ಕೇರೆ, ಹೆಬ್ಬಾವುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆಯಿದೆ, ಕೊಲ್ಲುವುದು ಅಪರಾಧ. ಆದರೆ ಹೆದರಿದ ಜನರ ಮುಂದೆ ಕಾಯ್ದೆಯ ಮಾತು ನಡೆಯದು. ಹಾವನ್ನು ಹೊಡೆಯಲು ಹೋದವರೇ ಕಚ್ಚಿಸಿಕೊಳ್ಳುವುದುಂಟು ಎಂಬ ಮಾತು ನಡೆಯುತ್ತದೆ. ಒಂದನ್ನು ಕೊಂದರೆ ಅದರ ಜೋಡಿ ಹಗೆ ಸಾಧಿಸುತ್ತದೆಂಬ ನಂಬಿಕೆಗೆ ಆಧಾರವಿಲ್ಲವೆಂದು ಹೇಳಬಯಸುತ್ತೇನಾದರೂ, ಆ ನಂಬಿಕೆಯಿಂದ ದೊಣ್ಣೆ ಕೆಳಗಿಳಿದರೆ ನಾನು ವಾದಕ್ಕೆ ನಿಲ್ಲುವುದಿಲ್ಲ.

ಈಗ ಗೂಡಿನ ವಿಷಯ. ನನ್ನ ನಕ್ಷೆಯನ್ನು ನಾನೇ ತಿದ್ದಿದ್ದೇನೆ. ಗೂಡು ನೆಲದಿಂದ ಎರಡು ಅಡಿ ಎತ್ತರದಲ್ಲಿ, ಕಾಲುಗಳ ಮೇಲೆ ನಿಲ್ಲಬೇಕು. ಕೆಳಭಾಗ ಖಾಲಿಯಿದ್ದು ಗುಡಿಸುವಂತಿರಬೇಕು. ಸುತ್ತಲೂ ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್, ಕೆಳಗಿನ ಎರಡು ಅಡಿಗೆ ಕಾಲು ಅಂಗುಲದ್ದು. ಇದರ ಬೆಲೆ ಸಾಧಾರಣ ಜಾಲರಿಗಿಂತ ಹೆಚ್ಚು, ನಿಜ. ಹಣ ಸಾಲದಿದ್ದರೆ ಗೂಡನ್ನು ಚಿಕ್ಕದು ಮಾಡಿ, ಜಾಲರಿಯನ್ನು ಅಗ್ಗ ಮಾಡಬೇಡಿ. ಜಾಲರಿ ಎಷ್ಟೇ ಒಳ್ಳೆಯದಾದರೂ ಬಾಗಿಲಿನ ಕೆಳಗೆ ಬೆರಳಗಲ ಸಂದಿಯಿದ್ದರೆ ಎಲ್ಲವೂ ವ್ಯರ್ಥ. ನಾನು ನೋಡಿದ ಗೂಡುಗಳಲ್ಲಿ ಹೆಚ್ಚಿನ ದೋಷ ಇರುವುದು ಬಾಗಿಲಿನಲ್ಲೇ. ನೈಲಾನ್ ಬಲೆಯನ್ನು ಮಾತ್ರ ಕಟ್ಟಬೇಡಿ. ಹಾವು ಅದರಲ್ಲಿ ಸಿಕ್ಕಿ ಒದ್ದಾಡುತ್ತದೆ, ಬಿಡಿಸಲು ಹೋದವರಿಗೆ ಅಪಾಯ.

ಮೊಟ್ಟೆಯನ್ನು ಸಂಜೆ ಬೆಳಕಿರುವಾಗಲೇ ತೆಗೆಯುವುದು. ಗೂಡಿನ ಹೊರಗಿನಿಂದಲೇ ಮುಚ್ಚಳ ಎತ್ತಿ ಕಾಣುವಂತೆ ಮೊಟ್ಟೆಪೆಟ್ಟಿಗೆ ಮಾಡಿಸಿದರೆ ಕೈಗಿಂತ ಕಣ್ಣು ಮೊದಲು ಒಳಗೆ ಹೋಗುತ್ತದೆ. ಮೇವನ್ನು ಮುಚ್ಚಳವಿರುವ ಡಬ್ಬದಲ್ಲಿಡುವುದು. ಸೌದೆ, ತೆಂಗಿನ ಗರಿ, ಇಟ್ಟಿಗೆ, ಕಲ್ಲುರಾಶಿ ಗೂಡಿನಿಂದಲೂ ಮನೆಯ ಗೋಡೆಯಿಂದಲೂ ದೂರವಿರಲಿ. ನ್ಯಾಫ್ತಲೀನ್ ಗುಳಿಗೆ, ಬೆಳ್ಳುಳ್ಳಿ ನೀರು, ಫಿನಾಯಿಲು ಇವುಗಳಿಂದ ಹಾವು ದೂರವಿರುವುದೆಂದು ನೆಚ್ಚಬಾರದು. ಕೆಲವರು ಹರಳು ಕೀಟನಾಶಕವನ್ನು ಗೂಡಿನ ಸುತ್ತ ಚೆಲ್ಲುತ್ತಾರೆ. ಕೋಳಿ ಅದನ್ನು ಹೆಕ್ಕಿ ಸಾಯುತ್ತದೆ. ಅಂಗಳದಲ್ಲಿ ಆಡುವ ಮಗುವಿನ ಕೈಗೂ ಅದು ಸಿಗುತ್ತದೆ.

ಕಚ್ಚಿದಾಗಿನ ವಿಷಯವನ್ನು ಗ್ರಾಮಸಭೆಯಲ್ಲಿ ತಾವೇ ತಮ್ಮ ಬಾಯಿಂದ ಹೇಳಬೇಕೆಂಬುದು ನನ್ನ ವಿನಂತಿ. ಅಧಿಕಾರಿ ಹೇಳಿದರೆ ಭಾಷಣವೆನಿಸುತ್ತದೆ. ಕಚ್ಚಿದ ಅಂಗವನ್ನು ಅಲುಗಿಸಬಾರದು. ಮುರಿದ ಮೂಳೆಗೆ ಕಟ್ಟುವಂತೆ ಪಟ್ಟಿಯ ಆಸರೆ ಕೊಟ್ಟು, ಮಲಗಿಸಿ, 108ಕ್ಕೆ ಕರೆ ಮಾಡುವುದು. ಬಳೆ, ಉಂಗುರ, ಕಾಲುಂಗುರಗಳನ್ನು ಬಾವು ಬರುವ ಮೊದಲೇ ತೆಗೆಯುವುದು. ಕಾಲುಂಗುರ ತೆಗೆಯಲು ಮನೆಯ ಹಿರಿಯರು ಒಪ್ಪದ ಪ್ರಸಂಗಗಳಿವೆ, ಮೊದಲೇ ಮಾತಾಡಿಟ್ಟರೆ ಒಳ್ಳೆಯದು. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಿಂದ ಹೀರುವುದು, ಬೇವಿನ ಸೊಪ್ಪು ತಿನ್ನಿಸಿ ಕಹಿಯಿದೆಯೇ ಎಂದು ಪರೀಕ್ಷಿಸುವುದು, ಯಾವುದೂ ಬೇಡ. ಹಾವನ್ನು ಕೊಂದು ಆಸ್ಪತ್ರೆಗೆ ತರುವ ಅಗತ್ಯವಿಲ್ಲ. ವೈದ್ಯರು ರೋಗಿಯ ಲಕ್ಷಣ ಮತ್ತು ರಕ್ತ ಹೆಪ್ಪುಗಟ್ಟುವ ಪರೀಕ್ಷೆ ನೋಡಿ ಚಿಕಿತ್ಸೆ ಕೊಡುತ್ತಾರೆ. ಕಚ್ಚಿದ ಹೊತ್ತನ್ನು ಬರೆದುಕೊಂಡರೆ ಸಾಕು. ಕಟ್ಟುಹಾವು ರಾತ್ರಿ ನೆಲದ ಮೇಲೆ ಮಲಗಿದವರನ್ನು ಕಚ್ಚುವುದು ಹೆಚ್ಚು. ನೋವೂ ಇಲ್ಲ, ಬಾವೂ ಇಲ್ಲ. ಬೆಳಿಗ್ಗೆ ಹೊಟ್ಟೆನೋವು, ರೆಪ್ಪೆ ಎತ್ತಲಾಗದಿರುವುದು ಕಂಡರೆ ಗ್ಯಾಸ್ಟ್ರಿಕ್ ಎಂದು ಕೂರಬಾರದು.

2020ರಲ್ಲಿ ಪ್ರಕಟವಾದ ಅಧ್ಯಯನವೊಂದು ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58,000 ಮಂದಿ ಹಾವು ಕಡಿತದಿಂದ ಸಾಯುತ್ತಾರೆಂದು ಅಂದಾಜಿಸಿದೆ. ಅದರಲ್ಲಿ ಅರ್ಧದಷ್ಟು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ರೋಗವೆಂದು ಘೋಷಿಸಿದೆ. ಸರ್ಕಾರಿಯಾಗಲಿ ಖಾಸಗಿಯಾಗಲಿ, ಆಸ್ಪತ್ರೆ ಪ್ರತಿ ಪ್ರಕರಣವನ್ನೂ ವರದಿ ಮಾಡಲೇಬೇಕು. ಸೊಪ್ಪಿನ ಔಷಧಿಯ ಮನೆಯಲ್ಲೇ ಮುಗಿದುಹೋದ ಪ್ರಕರಣ ಆ ಲೆಕ್ಕಕ್ಕೆ ಬರುವುದಿಲ್ಲ. ಲೆಕ್ಕಕ್ಕೆ ಬಾರದ ಕಡೆ ಔಷಧಿಯ ದಾಸ್ತಾನು ಕೇಳುವುದು ಕಷ್ಟ. ಆದ್ದರಿಂದ ಮಳೆಗಾಲಕ್ಕೆ ಮುನ್ನ ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗಳಿಗೆ ಪಂಚಾಯಿತಿಯಿಂದ ಪತ್ರ ಬರೆದು ಮೂರು ಪ್ರಶ್ನೆ ಕೇಳಿ: ಪ್ರತಿವಿಷದ ಎಷ್ಟು ಬಾಟಲುಗಳಿವೆ, ರಾತ್ರಿ ಕೊಡುವವರು ಯಾರು, ಉಸಿರಾಟದ ಯಂತ್ರವಿರುವ ಹತ್ತಿರದ ಆಸ್ಪತ್ರೆ ಯಾವುದು. ಉತ್ತರವನ್ನು ಪಂಚಾಯಿತಿ ಕಚೇರಿ, ಅಂಗನವಾಡಿ ಮತ್ತು ಹಾಲಿನ ಡೇರಿಯ ಗೋಡೆಗೆ ಅಂಟಿಸಿ. ರಾತ್ರಿ ವಾಹನ ಕೊಡಲು ಒಪ್ಪುವ ಇಬ್ಬರ ಮೊಬೈಲ್ ಸಂಖ್ಯೆಯನ್ನೂ ಅದರ ಕೆಳಗೆ ಬರೆಯಿರಿ. ಹಿತ್ತಲ ಓಣಿಗಳ ಕೆಟ್ಟ ಬೀದಿದೀಪಗಳನ್ನು ಈ ತಿಂಗಳೇ ಸರಿಪಡಿಸಿ.

ನಮ್ಮ ಪಂಚಾಯಿತಿಯ ಹನ್ನೊಂದು ಗೂಡುಗಳಲ್ಲಿ ಒಂಬತ್ತಕ್ಕೆ ಈಗ ಕಾಲು ಬಂದಿವೆ, ಜಾಲರಿ ಬದಲಾಗಿದೆ. ಉಳಿದೆರಡರ ಮನೆಯವರು ಕೋಳಿ ಸಾಕುವುದನ್ನೇ ಬಿಟ್ಟಿದ್ದಾರೆ. ಅದರಲ್ಲಿ ಒಂದು ಆ ತಾಯಿಯದು. ಅವರ ಸೊಸೆ ಮತ್ತೆ ಶುರು ಮಾಡಬೇಕೆಂದಿದ್ದಾರೆ. ತಿದ್ದಿದ ನಕ್ಷೆಯ ಮೊದಲ ಪ್ರತಿಯನ್ನು ಅವರಿಗೇ ಕೊಟ್ಟಿದ್ದೇನೆ. ಉಳಿದ ಪ್ರತಿಗಳು ಬಾಗಿಲ ಬಳಿಯ ಮೇಜಿನ ಮೇಲಿವೆ. ಹೋಗುವಾಗ ತಮ್ಮ ವಾರ್ಡಿಗೆ ಬೇಕಾದಷ್ಟನ್ನು ತೆಗೆದುಕೊಂಡು ಹೋಗಬೇಕಾಗಿ ಕೋರುತ್ತೇನೆ.