ಮಂದಿ ಏನಂತಾರ?



ಇವತ್ತು ಸಿನಿಮಾದ ಮಾತು. ನಗಬ್ಯಾಡ್ರಿ. ಮಾನ್ವಿ ಕಡೆ ಭತ್ತದ ಸಸಿ ಹಚ್ಚುವಾಗ, ದೇವದುರ್ಗದ ಹೊಲಗಳಲ್ಲಿ ಹತ್ತಿ ಬಿಡಿಸುವಾಗ ನಾವು ಹೇಳುವ ಕಥೆಗಳಲ್ಲಿ ಅರ್ಧ ಸಿನಿಮಾದವೇ. ಕೆಲವು ಸಿನಿಮಾ ನೋಡಿದ ಮರುದಿನವೇ ಮರೆತು ಹೋಗುತ್ತವೆ. ಕೆಲವು ಎಷ್ಟೋ ವರ್ಷ ಮನಸ್ಸಿನಲ್ಲಿ ಕೂತಿರುತ್ತವೆ. ಯಾಕೆ?

‘ಬಂಗಾರದ ಮನುಷ್ಯ’ ತಗೊಳ್ಳಿ. 1972ರ ಸಿನಿಮಾ. ಬೆಂಗಳೂರಿನ ಒಂದೇ ಟಾಕೀಸಿನಲ್ಲಿ ಎರಡು ವರ್ಷ ಓಡಿತು. ರಾಜಕುಮಾರ್ ಅದರಲ್ಲಿ ರಾಜೀವ. ಭಾವ ಸತ್ತಾಗ ಅಕ್ಕನ ಮನೆಗೆ ಬರುತ್ತಾನೆ. ಬಂಜರು ನೆಲದಲ್ಲಿ ಬೆಳೆ ತೆಗೆಯುತ್ತಾನೆ. ಅಕ್ಕನ ಮಕ್ಕಳನ್ನು ಓದಿಸುತ್ತಾನೆ. ಕೊನೆಗೆ ತಾನೇ ಸಾಕಿದ ಹುಡುಗ ಸಂಶಯದ ಮಾತು ಆಡುತ್ತಾನೆ. ರಾಜೀವ ಮನೆ ಬಿಟ್ಟು ಹೋಗುತ್ತಾನೆ.

ಆ ಕಾಲದ್ದೇ ಇನ್ನೊಂದು ಸಿನಿಮಾ ‘ಶರಪಂಜರ’. ಪುಟ್ಟಣ್ಣ ಕಣಗಾಲ್ ತೆಗೆದದ್ದು. ಕಥೆ ಬರೆದಾಕೆ ಒಬ್ಬ ಹೆಣ್ಣುಮಗಳು, ತ್ರಿವೇಣಿ. ಕಾವೇರಿಗೆ ಬಾಣಂತಿಯಾದಾಗ ಮನಸ್ಸಿನ ಕಾಯಿಲೆ ಬರುತ್ತದೆ. ಆಸ್ಪತ್ರೆಯಲ್ಲಿ ಗುಣವಾಗುತ್ತದೆ. ಆದರೆ ಮನೆಗೆ ಬಂದರೆ ಗಂಡ ದೂರ, ನೆರೆಯವರ ಬಾಯಲ್ಲಿ ‘ಹುಚ್ಚಿ’. ವಾಸಿಯಾದ ಹೆಂಗಸನ್ನು ಮಂದಿ ಮತ್ತೆ ಕಾಯಿಲೆಗೆ ನೂಕುತ್ತಾರೆ. ನಮ್ಮ ಓಣಿಯಲ್ಲಿ ಇಂಥವರು ಇಲ್ಲವೇ? ಕಲ್ಪನಾ ಆ ಪಾತ್ರ ಮಾಡಿದ್ದು ನೋಡಿದರೆ ಊಟ ಸೇರೋದಿಲ್ಲ.

ಅದೇ ಪುಟ್ಟಣ್ಣ, ಅದೇ ಕಲ್ಪನಾ, ‘ಗೆಜ್ಜೆಪೂಜೆ’. ಇದನ್ನು ಸ್ವಲ್ಪ ನಿಂತು ನೋಡೋಣ. ಚಂದ್ರಾ ಓದಿದ ಹುಡುಗಿ. ಎಲ್ಲರಂತೆ ಮದುವೆಯಾಗಬೇಕು ಅಂತ ಆಕೆಯ ಆಸೆ. ಆದರೆ ಹುಟ್ಟಿದ್ದು ಸೂಳೆಗಾರಿಕೆಯ ಮನೆಯಲ್ಲಿ. ‘ಅಪ್ಪ ಯಾರು?’ ಅಂತ ಮಂದಿ ಕೇಳುತ್ತಾರೆ. ಕೊನೆಗೆ ಆಕೆ ಉಳಿಯೋದಿಲ್ಲ. ಅಲ್ಲಿ ಗೆಜ್ಜೆ ಕಟ್ಟುತ್ತಾರೆ, ನಮ್ಮ ಕಡೆ ಮುತ್ತು ಕಟ್ಟುವುದು ಅಂತಾರ. ಹೆಸರು ಬೇರೆ, ಹುಡುಗಿಯ ಗತಿ ಒಂದೇ. ಸಿನಿಮಾ ಬಂದದ್ದು 1969ರಲ್ಲಿ. ಮುತ್ತು ಕಟ್ಟುವುದನ್ನು ತಡೆಯುವ ಕರ್ನಾಟಕದ ಕಾಯ್ದೆ ಬಂದದ್ದು 1982ರಲ್ಲಿ. ಮುತ್ತು ಕಟ್ಟಿಸಿಕೊಂಡವಳು ಮದುವೆಯಾದರೆ ಆ ಮದುವೆ ನಡೆಯುತ್ತದೆ, ಆಕೆಯ ಮಕ್ಕಳಿಗೂ ಹಕ್ಕುಂಟು ಅಂತ ಆ ಕಾಯ್ದೆ ಹೇಳಿತು. ಇಷ್ಟಾದರೂ ಶಾಲೆಯಲ್ಲಿ ತಂದೆಯ ಹೆಸರು ಕೇಳಿದರೆ ತಲೆ ತಗ್ಗಿಸುವ ತಾಯಂದಿರನ್ನು ನಾವು ನೋಡಿದ್ದೇವೆ. ತಲೆ ತಗ್ಗಿಸಬೇಕಾದವರು ಅವರಲ್ಲ.

ಇನ್ನೊಂದು, ‘ಗುಲಾಬಿ ಟಾಕೀಸು’. 2008ರದು. ವೈದೇಹಿಯವರ ಕಥೆ, ಗಿರೀಶ ಕಾಸರವಳ್ಳಿ ತೆಗೆದದ್ದು. ಕರಾವಳಿಯ ಮೀನುಗಾರರ ಊರಲ್ಲಿ ಗುಲಾಬಿ ಎಂಬ ಸೂಲಗಿತ್ತಿ. ಆಕೆಗೆ ಸಿನಿಮಾ ಅಂದರೆ ಪ್ರಾಣ. ಹೆರಿಗೆ ಮಾಡಿಸಿದ ಮನೆಯವರು ಟಿವಿ ಕೊಡಿಸುತ್ತಾರೆ. ಊರ ಹೆಂಗಸರು ಆಕೆಯ ಮನೆಯಲ್ಲಿ ಸೇರುತ್ತಾರೆ. ನಗುತ್ತಾರೆ, ಕಷ್ಟಸುಖ ಹೇಳಿಕೊಳ್ಳುತ್ತಾರೆ. ಆಮೇಲೆ ಊರಲ್ಲಿ ಜಾತಿ, ಮತದ ಜಗಳ ಏಳುತ್ತದೆ. ಗುಲಾಬಿ ಮುಸಲ್ಮಾನಳು. ಅಷ್ಟು ಮಕ್ಕಳನ್ನು ಎತ್ತಿದ ಕೈ ಊರಿಗೆ ಬೇಡವಾಗುತ್ತದೆ. ಆ ಪಾತ್ರಕ್ಕೆ ಉಮಾಶ್ರೀ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು.

ರಾಜೀವ, ಕಾವೇರಿ, ಚಂದ್ರಾ, ಗುಲಾಬಿ. ಒಬ್ಬರಿಗೊಬ್ಬರು ಸಂಬಂಧವಿಲ್ಲ. ಆದರೆ ನಾಲ್ವರ ಬಾಗಿಲಲ್ಲೂ ನಿಂತದ್ದು ಒಂದೇ ಮಾತು: ಮಂದಿ ಏನಂತಾರ? ಆ ಮಂದಿ ಯಾರು? ಕಟ್ಟೆಯ ಮೇಲೆ ಕೂತವರು, ನೀರಿನ ನಲ್ಲಿಯ ಹತ್ತಿರ ನಿಂತವರು. ಒಮ್ಮೊಮ್ಮೆ ನಾವೇ.

ಬರುವ ವಾರ ‘ಶರಪಂಜರ’ ಕೂಡಿ ನೋಡೋಣ. ಮೊದಲಿಗೆ ಹೆಸರುಗಳು ಬರುತ್ತವಲ್ಲ, ಅವನ್ನು ಜೋರಾಗಿ ಓದೋಣ. ಬೇಗ ಹೋಗಿಬಿಡುತ್ತವೆ, ಅರ್ಧ ಸಿಕ್ಕರೂ ಸಾಕು. ಸಿನಿಮಾ ಮುಗಿದ ಮೇಲೆ ಕಾವೇರಿಯ ಗಂಡನಿಗೆ ಕೇಳಬೇಕಾದ ಒಂದು ಪ್ರಶ್ನೆಯನ್ನು ಪ್ರತಿಯೊಬ್ಬರೂ ಬರೆಯಿರಿ. ಪಾಟಿ, ಬಳಪ ಮರೀಬ್ಯಾಡ್ರಿ.