ಹೊದ್ದು ಸವೆಸಿದ ಚರಿತ್ರೆ

ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲಿ ಮೊಳಕಾಲ್ಮೂರು ಅಂದರೆ ರೇಷ್ಮೆ ಸೀರೆ, ಚಳ್ಳಕೆರೆ ಅಂದರೆ ಕಂಬಳಿ. ಇದನ್ನು ನಾನು ಹೇಳಬೇಕಾಗಿಲ್ಲ. ಸೀರೆಗೆ 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಕಂಬಳಿಗೆ ಸಂತೆ ಇದೆ, ವ್ಯಾಪಾರಿ ಇದ್ದಾನೆ, ಊರಾಚೆಗೂ ಹೆಸರಿದೆ. ಆದರೆ ಸೀರೆ ನೇಯುವವರ ಮನೆಗೇ ಹೋಗಿ, ಕಂಬಳಿ ನೇಯುವವರ ಹಟ್ಟಿಗೇ ಹೋಗಿ, ರಾತ್ರಿ ಮಕ್ಕಳ ಮೇಲೆ ಏನು ಹೊದಿಸುತ್ತಿದ್ದರು ಅಂತ ಕೇಳಿ ನೋಡಿ. ಸೀರೆಯೂ ಅಲ್ಲ, ಕಂಬಳಿಯೂ ಅಲ್ಲ. ಕೌದಿ. ನಮ್ಮಲ್ಲಿ ಆಂಧ್ರದ ಗಡಿಯ ಕಡೆ ಸರಿದಂತೆ ಬೊಂತೆ ಅಂತಲೂ ಅನ್ನುತ್ತಾರೆ. ಅದಕ್ಕೆ ಸಂತೆಯಿಲ್ಲ, ಸಂಘವಿಲ್ಲ, ಸರ್ಕಾರದ ಮೊಹರಿಲ್ಲ. ಈ ಹೊತ್ತಿನ ನನ್ನ ಮಾತೆಲ್ಲ ಅದರ ಬಗ್ಗೆ.

ಮೊದಲು ಮಾಡುವ ಬಗೆ ಹೇಳಿಬಿಡುತ್ತೇನೆ, ಈಗಿನ ಹುಡುಗರಿಗೆ ಗೊತ್ತಿರಲಿಕ್ಕಿಲ್ಲ. ಸುಗ್ಗಿ ಮುಗಿದು, ಹೊಲದ ಕೆಲಸವೆಲ್ಲ ನಿಂತ ಬೇಸಿಗೆಯ ಮಧ್ಯಾಹ್ನ. ಜಗಲಿಯ ಮೇಲೆ ಒಂದು ಹಳೇ ಹತ್ತಿ ಸೀರೆ ಅಗಲಕ್ಕೆ ಹರಡುತ್ತಾರೆ, ಅದು ತಳ. ಅದರ ಮೇಲೆ ಹರಿದ ಪಂಚೆ, ತೋಳು ಹೋದ ಅಂಗಿ, ಲಂಗ, ಟವೆಲು, ಎರಡು ಮೂರು ಪದರ. ಎಲ್ಲದರ ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿದ ಮೇಲ್ಹೊದಿಕೆ. ಸುತ್ತ ನಾಲ್ಕು ಜನ ಹೆಂಗಸರು ಕೂತು ಅಂಚಿನಿಂದ ಶುರುಮಾಡುತ್ತಾರೆ. ದಪ್ಪ ಸೂಜಿ, ದಪ್ಪ ದಾರ, ಒಂದೊಂದು ಭತ್ತದ ಕಾಳಿನಷ್ಟು ಉದ್ದದ ಹೊಲಿಗೆ. ಸಾಲಿನ ಪಕ್ಕ ಸಾಲು, ಅಂಚಿನಿಂದ ನಡುವಿಗೆ. ಹೊಲಿಗೆ ಒತ್ತಾದಷ್ಟೂ ಕೌದಿ ಗಟ್ಟಿ, ಪದರಗಳು ಒಳಗೆ ಜಾರಿ ಗಂಟು ಕಟ್ಟುವುದಿಲ್ಲ. ಪದರದ ನಡುವೆ ಸಿಕ್ಕಿಕೊಂಡ ಗಾಳಿಯೇ ಬೆಚ್ಚಗಿಡುವುದು, ಬಟ್ಟೆಯ ಭಾರ ಅಲ್ಲ. ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ತಾಲ್ಲೂಕುಗಳಲ್ಲಿ ನಮ್ಮ ಚಳ್ಳಕೆರೆಯೂ ಒಂದು. ಹಗಲು ಎಷ್ಟು ಕಾಯುತ್ತದೋ ಪುಷ್ಯಮಾಸದ ಬೆಳಗಿನ ಜಾವ ಅಷ್ಟೇ ಕೊರೆಯುತ್ತದೆ.

ಮತ್ತೆ, ರೇಷ್ಮೆಯ ಊರಿನಲ್ಲಿ ರೇಷ್ಮೆ ಕೌದಿ ಯಾಕಿಲ್ಲ? ಒಳ್ಳೆ ಪ್ರಶ್ನೆ. ರೇಷ್ಮೆ ಜಾರುತ್ತದೆ, ಹಳೆಯದಾದರೆ ಮಡಿಕೆಯಲ್ಲೇ ಸೀಳುತ್ತದೆ, ಜರಿ ಮೈಗೆ ಚುಚ್ಚುತ್ತದೆ. ಅದಕ್ಕಿಂತ ದೊಡ್ಡ ಕಾರಣ ಬೇರೆ. ಹಳೇ ಜರಿ ಸೀರೆ ಕೊಳ್ಳುವವರು ಬೀದಿಯಲ್ಲಿ ಕೂಗುತ್ತಾ ಬರುತ್ತಾರಲ್ಲ, ಅವರು ಸೀರೆ ಸುಟ್ಟು ಬೆಳ್ಳಿ ತೆಗೆಯುತ್ತಾರೆ. ರೇಷ್ಮೆ ಬೂದಿಯಾದರೂ ದುಡ್ಡು ತರುತ್ತದೆ. ಕೌದಿಗೆ ಬಂದು ಬೀಳುವುದು ಯಾರಿಗೂ ಬೇಡವಾದದ್ದು ಮಾತ್ರ.

ಯಾರಿಗೂ ಬೇಡವಾದ ಬಟ್ಟೆಯ ಕಥೆ ಎಷ್ಟು ಹಿಂದಕ್ಕೆ ಹೋಗುತ್ತದೆ? ಪಂಡಿತರು ಇಲ್ಲಿ ಕೆಮ್ಮುತ್ತಾರೆ. ನಾನು ಪಂಡಿತನಲ್ಲ, ಹಾಗಾಗಿ ಧೈರ್ಯವಾಗಿ ಬ್ರಹ್ಮಗಿರಿಗೇ ಹೋಗುತ್ತೇನೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಈ ಮೂರು ಕಡೆ ಅಶೋಕನ ಬಂಡೆ ಶಾಸನಗಳಿವೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಬೆಳಕಿಗೆ ತಂದರು. ತಾನು ಉಪಾಸಕನಾದದ್ದನ್ನೂ ಬೌದ್ಧ ಸಂಘಕ್ಕೆ ಹತ್ತಿರವಾದದ್ದನ್ನೂ ಚಕ್ರವರ್ತಿ ಅಲ್ಲಿ ಹೇಳಿಕೊಂಡಿದ್ದಾನೆ. ಬರೆದ ಲಿಪಿಕಾರನ ಹೆಸರು ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ ಬರೆದು, ಕೊನೆಗೆ ತನ್ನ ಕಸುಬಿನ ಹೆಸರನ್ನು ಮಾತ್ರ ದೂರದ ವಾಯವ್ಯ ದೇಶದ ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಬರೆದು ಠೀವಿ ತೋರಿಸಿದ್ದಾನೆ! ಚಪಡನನ್ನು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತಾನೆ.

ಆ ಸಂಘದ ಭಿಕ್ಷುಗಳು ಏನು ಉಡುತ್ತಿದ್ದರು? ಧೂಳಿನಲ್ಲಿ, ಸ್ಮಶಾನದಲ್ಲಿ ಬಿಸಾಕಿದ ಚಿಂದಿಯನ್ನು ಆಯ್ದು, ತೊಳೆದು, ಹೊಲಿದುಕೊಂಡ ಚೀವರ. ವಿನಯಪಿಟಕದಲ್ಲಿ ಒಂದು ಪ್ರಸಂಗ ಇದೆ. ಬುದ್ಧ ದಾರಿಯಲ್ಲಿ ಹೋಗುವಾಗ ಮಗಧದ ಭತ್ತದ ಗದ್ದೆಗಳನ್ನು ನೋಡುತ್ತಾನೆ. ಬದು ಹಾಕಿದ ಚೌಕ ಚೌಕದ ಗದ್ದೆ. ಚೀವರವನ್ನು ಹೀಗೆ ಹೊಲಿಯಬಹುದೇ ಅಂತ ಆನಂದನನ್ನು ಕೇಳುತ್ತಾನೆ. ಆನಂದ ಹಾಗೇ ತುಂಡು ಜೋಡಿಸಿ ಹೊಲಿದು ತೋರಿಸುತ್ತಾನೆ. ಅಶೋಕನ ಕಾಲದಲ್ಲಿ ಭಿಕ್ಷುಗಳು ನಮ್ಮ ಬೆಟ್ಟದ ಬುಡಕ್ಕೆ ಬಂದಿದ್ದರೆ, ಚಿಂದಿ ಜೋಡಿಸಿದ ಬಟ್ಟೆಯನ್ನೇ ಹೊದ್ದು ಬಂದಿರಬೇಕು. ಇದು ನನ್ನ ಊಹೆ, ಆದರೆ ಬಿಟ್ಟುಕೊಡುವುದಿಲ್ಲ.

ಊಹೆ ಬೇಡ ಅನ್ನುವವರಿಗೆ 12ನೇ ಶತಮಾನದ ಒಬ್ಬ ಹೆಣ್ಣುಮಗಳಿದ್ದಾಳೆ. ಬೊಂತಾದೇವಿ. ಅಕ್ಕಮಹಾದೇವಿಯನ್ನು ಎಲ್ಲರೂ ಬಲ್ಲರು, ಈಕೆಯನ್ನು ಬಲ್ಲವರು ಕಡಿಮೆ. ಪರಂಪರೆ ಹೇಳುವ ಕಥೆ ಹೀಗಿದೆ. ಈಕೆ ಕಾಶ್ಮೀರದ ಕಡೆಯ ರಾಜಕುಮಾರಿ, ನಿಜದೇವಿ ಅಂತ ಹೆಸರು. ಅರಮನೆ ಬಿಟ್ಟಳು, ಒಡವೆ ಬಿಟ್ಟಳು, ಉಟ್ಟ ಬಟ್ಟೆಯನ್ನೂ ಬಿಟ್ಟು ಕಲ್ಯಾಣದ ದಾರಿ ಹಿಡಿದಳು. ಕಾಶ್ಮೀರವೆಲ್ಲಿ, ಕಲ್ಯಾಣವೆಲ್ಲಿ! ಹಾಗೆ ಬರುತ್ತಿದ್ದವಳಿಗೆ ಶಿವ ಒಂದು ಬೊಂತೆಯನ್ನು ಕೊಟ್ಟ. ಅದನ್ನು ಹೊದ್ದುಕೊಂಡಳು, ಬೊಂತಾದೇವಿಯಾದಳು.

ನನಗೆ ಈ ಕಥೆಯಲ್ಲಿ ಒಂದೇ ವಿಷಯ ಬಹಳ ಹಿಡಿಸುತ್ತದೆ. ಶಿವ ಏನು ಬೇಕಾದರೂ ಕೊಡಬಹುದಿತ್ತು. ಪಟ್ಟೆ ಕೊಡಬಹುದಿತ್ತು, ಪೀತಾಂಬರ ಕೊಡಬಹುದಿತ್ತು. ಆಕೆ ರಾಜನ ಮಗಳು, ಅದನ್ನೆಲ್ಲ ಆಗಲೇ ಕಿತ್ತೆಸೆದು ಬಂದವಳು, ಮತ್ತೆ ಮುಟ್ಟುತ್ತಿರಲಿಲ್ಲ. ಬೊಂತೆಯನ್ನು ಮಾತ್ರ ಒಪ್ಪಿಕೊಂಡಳು. ಯಾಕೆಂದರೆ ಅದಕ್ಕೆ ಬೆಲೆಯಿಲ್ಲ, ಅದನ್ನು ಹೊದ್ದವರನ್ನು ಯಾರೂ ಲೂಟಿ ಮಾಡುವುದಿಲ್ಲ, ಯಾರೂ ಕೈಮುಗಿಯುವುದೂ ಇಲ್ಲ. ಕಲ್ಯಾಣಕ್ಕೆ ಬಂದ ಮೇಲೆ ಬಿಡಾಡಿ ಎಂಬ ಅಂಕಿತದಲ್ಲಿ ವಚನ ಹೇಳಿದಳು. ನಮಗೆ ಉಳಿದಿರುವವು ಬೆರಳೆಣಿಕೆಯಷ್ಟು. ಅವುಗಳಲ್ಲೊಂದರಲ್ಲಿ ಊರಿನ ಒಳಗೂ ಹೊರಗೂ ಗೆರೆ ಎಳೆದು, ಬಯಲಿಗೇ ಜಾತಿ ಹಚ್ಚುವವರನ್ನು ಸರಿಯಾಗಿ ಕೆಣಕಿದ್ದಾಳೆ. ವಚನಗಳು ಉಳಿದವು. ಬೊಂತೆ ಉಳಿಯಲಿಲ್ಲ. ಹೇಗೆ ಉಳಿದೀತು?

ಇಲ್ಲಿಂದ ಮುಂದೆ ಕೆಲವು ಶತಮಾನಗಳನ್ನು ಓಡಿಸಿಬಿಡುತ್ತೇನೆ. ವಿಜಯನಗರದವರು ಬಂದರು, ದುರ್ಗದ ಪಾಳೆಯಗಾರರು ಬಂದರು, ಹೈದರ್ ಬಂದ, ಇಂಗ್ಲಿಷರು ಬಂದರು. ಯಾರ ದಫ್ತರದಲ್ಲೂ ಕೌದಿ ಇಲ್ಲ. ತೆರಿಗೆ ಹಾಕಲಾಗದ ವಸ್ತುವನ್ನು ಯಾವ ರಾಜ ಬರೆದಿಡುತ್ತಾನೆ? 1876ರಿಂದ 78ರ ವರೆಗಿನ ದೊಡ್ಡ ಬರದಲ್ಲಿ ಮೈಸೂರು ಸಂಸ್ಥಾನದ ಐದರಲ್ಲೊಂದು ಪಾಲು ಜನ ಸತ್ತುಹೋದರು ಅಂತ ಲೆಕ್ಕವಿದೆ. ಉಳಿದವರ ಮೈಮೇಲೆ ಏನಿತ್ತು ಅನ್ನುವ ಲೆಕ್ಕ ಇಲ್ಲ.

ಹಾಗಾದರೆ ಕೌದಿಯ ಚರಿತ್ರೆ ಓದುವುದು ಎಲ್ಲಿ? ಕೌದಿಯಲ್ಲೇ! 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲಿ ಅಗೆದರು. ಅವರಿಗಿಂತ ಮುಂಚೆ ನಮ್ಮ ಎಂ.ಎಚ್. ಕೃಷ್ಣ ಅಗೆದಿದ್ದರು. ಮೇಲಿನ ಪದರ ಹೊಸದು, ಕೆಳಗೆ ಹೋದಂತೆ ಹಳೆಯದು. ಕಬ್ಬಿಣ, ಬೃಹತ್ ಶಿಲಾಗೋರಿ, ಅದರ ಕೆಳಗೆ ಕಲ್ಲುಕೊಡಲಿ. ಕೌದಿಯಲ್ಲೂ ಹಾಗೆಯೇ. ಸವೆದ ಕೌದಿಯನ್ನು ಎಸೆಯುವುದಿಲ್ಲ, ಅದರ ಮೇಲೇ ಹೊಸ ಹೊದಿಕೆ ಹಾಕಿ ಮತ್ತೆ ಹೊಲಿಯುತ್ತಾರೆ. ಹಾಗಾಗಿ ಅತಿ ಹಳೆಯ ಬಟ್ಟೆ ಒಳಗೇ ಇರುತ್ತದೆ.

ನಮ್ಮ ಮನೆಯಲ್ಲಿ ಅಂಥದೊಂದಿದೆ. ಅಂಚು ಬಿಚ್ಚಿ ನೋಡಿದ್ದೇನೆ. ಮೇಲೆಲ್ಲ ನೈಲಾನು, ಪಾಲಿಯೆಸ್ಟರು, 1970–80ರ ದಶಕದ ಮಿರಮಿರ ಹೂವಿನ ಸೀರೆ. ಅದರ ಕೆಳಗೆ ದರ್ಜಿಯ ಅಂಗಡಿಯಿಂದ ಕಾಡಿ ಬೇಡಿ ತಂದ ಚೂರುಗಳು, ಶಾಲೆಯ ಖಾಕಿ ಚಡ್ಡಿಯವು, ನೀಲಿ ಲಂಗದವು. ಹೊಲಿಗೆ ಯಂತ್ರ ಹಳ್ಳಿಗೆ ಬಂದ ಮೇಲೆ ತಾನೇ ಕತ್ತರಿಯ ಚೂರು ಸಿಕ್ಕಿದ್ದು? ಅದಕ್ಕೆ ಮುಂಚೆ ಬಟ್ಟೆಯನ್ನು ಕತ್ತರಿಸುವವರೇ ಕಡಿಮೆ, ಉಡುವುದೆಲ್ಲ ಇಡೀ ಬಟ್ಟೆ. ಇನ್ನೂ ಕೆಳಗೆ ಗಿರಣಿ ಬಟ್ಟೆ. ದಾವಣಗೆರೆ 1997ರ ವರೆಗೂ ನಮ್ಮ ಚಿತ್ರದುರ್ಗ ಜಿಲ್ಲೆಯಲ್ಲೇ ಇತ್ತಲ್ಲ, ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಮೆರೆಯಿತು. ಆ ಗಿರಣಿಗಳ ಸೈರನ್ ನಿಂತಿತು, ಬಟ್ಟೆ ಮಾತ್ರ ನಮ್ಮ ಕೌದಿಯೊಳಗೆ ಇನ್ನೂ ಇದೆ. ಎಲ್ಲಕ್ಕೂ ಕೆಳಗೆ ದಪ್ಪ ಎಳೆಯ ಕೈಮಗ್ಗದ ಸೀರೆ. ಬಣ್ಣ ಹೋಗಿದೆ, ಎಳೆ ಗಟ್ಟಿಯಾಗಿದೆ. ನಮ್ಮಜ್ಜಿಗೂ ಹಿಂದಿನವರದ್ದು ಇರಬೇಕು.

ಈಗಿನವರು ಹೊಸ ಪದರ ಸೇರಿಸಬೇಕೆಂದರೆ ಏನು ಸಿಗುತ್ತದೆ? ಜೀನ್ಸ್. ಬಳ್ಳಾರಿ ಪಕ್ಕದಲ್ಲೇ ಇದೆ, ಅಲ್ಲಿ ಮನೆ ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ, ಚೂರು ಮೂಟೆಗಟ್ಟಲೆ. ಆದರೆ ಅದಕ್ಕೆ ಕೈಸೂಜಿ ಇಳಿಯುವುದಿಲ್ಲ, ಬೆರಳು ಹೋಗುತ್ತದೆ. ಚೀಲಕ್ಕಾದರೆ ಸೊಗಸು. ಪಾಲಿಯೆಸ್ಟರಿನದು ಬೇರೆ ರಗಳೆ, ಬೆವರು ಹೀರುವುದಿಲ್ಲ, ಬೇಸಿಗೆಯಲ್ಲಿ ಬೇಯಿಸುತ್ತದೆ. ಕೌದಿಗೆ ನಾಲ್ಕು ಸಲ ಒಗೆದ ಹತ್ತಿಯೇ ಆಗಬೇಕು.

ಕೌದಿ ಹೊಲಿದು ಮಿಕ್ಕ ಚೂರನ್ನೂ ಬಿಡುತ್ತಿರಲಿಲ್ಲ. ಮಗುವಿನ ತಲೆಗೆ ಕುಲಾವಿ, ಬೆನ್ನವರೆಗೂ ಇಳಿಯುವ ಕುಂಚಿಗೆ. ಎಲೆ ಅಡಿಕೆಗೆ ಮೂರು ನಾಲ್ಕು ಅರೆಗಳ ಸಂಚಿ. ಕೊಡ ಹೊರಲು ಸಿಂಬಿ. ಕಾರಹುಣ್ಣಿಮೆಗೆ ಎತ್ತಿನ ಬೆನ್ನಿಗೆ ಜೂಲ. ಹೆಣ್ಣುಮಗುವಿಗೆ ಚಿಂದಿ ಗೊಂಬೆ. ಕೊನೆಗೆ ಏನಕ್ಕೂ ಬಾರದ ಪಂಚೆಯ ಚೂರು ದೀಪದ ಬತ್ತಿ. ಹುಟ್ಟಿದ ಕೂಸಿಗೆ ಹೊಸ ಬಟ್ಟೆ ಹಾಕಬಾರದು, ಹಳೇ ಸೀರೆಯಲ್ಲೇ ಸುತ್ತಬೇಕು ಅನ್ನುವ ಕಟ್ಟಳೆಯನ್ನು ಮೂಢನಂಬಿಕೆ ಅನ್ನಬೇಡಿ. ಎಳೆ ಚರ್ಮಕ್ಕೆ ಗಂಜಿ ಹಾಕಿದ ಹೊಸ ಬಟ್ಟೆ ತರಚುತ್ತದೆ, ಅಷ್ಟೇ.

ಇನ್ನು ಕೌದಿ ಅಂದರೆ ಸಮಾಜದ ಐಕ್ಯತೆ, ಬಣ್ಣ ಬಣ್ಣದ ಜನರ ಸೌಹಾರ್ದ ಅಂತ ವೇದಿಕೆಯಲ್ಲಿ ಭಾಷಣ ಬಿಗಿಯುವವರಿದ್ದಾರೆ. ಆ ಮಹನೀಯರು ಒಂದೇ ಒಂದು ಸಲ ನೆನೆದ ಕೌದಿಯನ್ನು ಕೆರೆಯಿಂದ ಮೇಲೆತ್ತಲಿ, ಆಮೇಲೆ ಮಾತಾಡೋಣ! ನೀರು ಕುಡಿದ ಕೌದಿಯನ್ನು ಹಿಂಡಲು ಇಬ್ಬರು ಗಟ್ಟಿ ಹೆಂಗಸರು ಬೇಕು. ಹಬ್ಬದ ಮುಂಚೆ ವರ್ಷಕ್ಕೊಮ್ಮೆ ಆ ಕೆಲಸ ಮಾಡಿ ಸೊಂಟ ಹಿಡಿಸಿಕೊಂಡವರು ಎಂದೂ ಅದರ ಬಗ್ಗೆ ಕವಿತೆ ಬರೆಯಲಿಲ್ಲ.

ಬೆಲೆಯಿಲ್ಲದ ಈ ಗತಿ ಬೇರೆ ಕಡೆಯ ಕೌದಿಗೆ ಬರಲಿಲ್ಲ ನೋಡಿ. ಉತ್ತರ ಕನ್ನಡದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ಸಿದ್ದಿ ಜನರಿದ್ದಾರೆ, ಆಫ್ರಿಕ ಮೂಲದವರು, ನಮ್ಮವರೇ. ಅವರು ಕೌದಿಗೆ ಕವಂದಿ ಅನ್ನುತ್ತಾರೆ, ಅದರ ನಾಲ್ಕು ಮೂಲೆಯಲ್ಲಿ ಬಟ್ಟೆಯನ್ನು ಮಡಚಿ ಮಡಚಿ ಮುಕ್ಕೋನದ ಹೂ ಇಡುತ್ತಾರೆ. ಅದಿಲ್ಲದ ಕವಂದಿ ಅವರ ಕಣ್ಣಿಗೆ ಬೆತ್ತಲೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇದನ್ನು ನೋಡಿ ಬೆರಗಾದರು. 2004ರಲ್ಲಿ ಸಿದ್ದಿ ಹೆಂಗಸರ ಕವಂದಿ ಸಹಕಾರ ಸಂಘ ಹುಟ್ಟಿತು. 2011ರಲ್ಲಿ ಅವರ ಕವಂದಿಗಳು ನ್ಯೂಯಾರ್ಕಿನ ಗೋಡೆಯ ಮೇಲೆ ತೂಗಿದವು. ಅಮೆರಿಕದಲ್ಲೇ ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯಿದೆ. ಹತ್ತಿ ತೋಟದ ಗುಲಾಮರ ಮೊಮ್ಮಕ್ಕಳು ಹರಿದ ಕೆಲಸದ ಬಟ್ಟೆಯಿಂದ ಹೊಲಿದ ಕೌದಿ ಅಲ್ಲಿ 2006ರಲ್ಲಿ ಅಂಚೆಚೀಟಿಯಾಯಿತು. ಸಂತೋಷ. ಹೊಟ್ಟೆಕಿಚ್ಚೂ ಆಗುತ್ತದೆ, ಸುಳ್ಳು ಯಾಕೆ ಹೇಳಲಿ.

ನಮ್ಮ ಕಡೆ ಏನಾಯಿತು? ಮೊದಲು ಸೊಲ್ಲಾಪುರದ ಚಾದರ ಬಂತು. ಆಮೇಲೆ ಪಾಣಿಪತ್ತಿನ ರಗ್ಗು ಬಂತು, ಹುಲಿ, ನವಿಲು, ಗುಲಾಬಿ ಚಿತ್ರದ್ದು. ಇದರಲ್ಲೊಂದು ವಿಚಿತ್ರ ಕೇಳಿ. ಯುರೋಪು, ಅಮೆರಿಕದವರು ಉಟ್ಟು ಬಿಟ್ಟ ಉಣ್ಣೆಯ ಕೋಟು, ಸ್ವೆಟರು ಹಡಗಿನಲ್ಲಿ ಪಾಣಿಪತ್ತಿಗೆ ಬರುತ್ತವೆ. ಅಲ್ಲಿ ಬಣ್ಣದ ಪ್ರಕಾರ ವಿಂಗಡಿಸಿ, ಹರಿದು, ಅರೆದು, ಮತ್ತೆ ನೂಲು ತೆಗೆದು ಅಗ್ಗದ ಕಂಬಳಿ ನೇಯುತ್ತಾರೆ. ಈ ವಿದ್ಯೆ 1813ರಲ್ಲಿ ಇಂಗ್ಲೆಂಡಿನ ಬ್ಯಾಟ್ಲಿ ಊರಿನ ಬೆಂಜಮಿನ್ ಲಾ ಶುರುಮಾಡಿದ್ದು. ನೆರೆ ಬಂದಾಗ, ಭೂಕಂಪವಾದಾಗ ಹಂಚುವ ಬೂದು ಕಂಬಳಿ ಎಷ್ಟೋ ಸಲ ಅದೇ. ಅಂದರೆ ನಮ್ಮ ಮನೆಯ ಹಳೇ ಬಟ್ಟೆ ತಿಪ್ಪೆಗೆ ಹೋಯಿತು, ಯಾರದೋ ದೇಶದ ಹಳೇ ಬಟ್ಟೆ ನಮ್ಮ ಮೈಮೇಲೆ ಬಂತು. ಕರಿಕುರಿಯ ಉಣ್ಣೆಗೆ ಹುಣಸೆ ಬೀಜದ ಗಂಜಿ ಕೊಟ್ಟು ಗುಂಡಿ ಮಗ್ಗದಲ್ಲಿ ನೇಯುತ್ತಿದ್ದ ಚಳ್ಳಕೆರೆಯ ಕಂಬಳಿಯವರಿಗೂ ಅದೇ ಏಟು ಬಿತ್ತು.

ನನಗಿರುವ ದೊಡ್ಡ ಕೊರಗು ಇದಲ್ಲ. ಚಳ್ಳಕೆರೆ ತಾಲ್ಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿಯನ್ನು ನೀವು ಬಲ್ಲಿರಿ. ಅಕ್ಷರ ಕಲಿಯದ ಆ ಮಹಾತಾಯಿಯ ಬಾಯಲ್ಲಿ ಸಾವಿರಾರು ಪದಗಳಿದ್ದವು. ಕೃಷ್ಣಮೂರ್ತಿ ಹನೂರರಂಥವರು ಹಟ್ಟಿಗೆ ಬಂದು ಕೂತು ಕೇಳಿದರು, ಬರೆದುಕೊಂಡರು, ಪುಸ್ತಕವಾಯಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯ ನಾಡೋಜ ಅಂತ ಗೌರವಿಸಿತು. ಆ ಕಾಲದ ಹೆಂಗಸರ ಬಾಯಿಗೆ ಬೆಲೆ ಬಂತು. ಅದೇ ಹೆಂಗಸರ ಕೈಗೆ ಬರಲಿಲ್ಲ. ಹಾಡಿದ್ದನ್ನು ಹಿಡಿದಿಟ್ಟೆವು, ಹೊಲಿದದ್ದನ್ನು ಹೊದ್ದು ಸವೆಸಿ, ಆಮೇಲೆ ಕರುವಿನ ಕೆಳಗೆ ಹಾಸಿ, ಕೊನೆಗೆ ಬಚ್ಚಲ ಒಲೆಗೆ ತುರುಕಿದೆವು.

ಕೊನೆಗೆ ಎರಡೇ ಮಾತು. ಕೌದಿ ಹೊಲಿಯಬಲ್ಲವರು ನಿಮ್ಮ ಬೀದಿಯಲ್ಲಿ ಇನ್ನೂ ಇದ್ದಾರೆ, ಹುಡುಕಿ. ಹಳೇ ಹತ್ತಿ ಬಟ್ಟೆ ಕೂಡಿಸಿಟ್ಟು ಒಂದು ಹೊಲಿಸಿ. ಹೊಲಿಸುವಾಗ ಯಾವ ತುಂಡು ಯಾರದ್ದು ಅಂತ ಒಂದು ಹಾಳೆಯಲ್ಲಿ ಬರೆದಿಡಿ, ಕೌದಿಯ ಮೂಲೆಯಲ್ಲಿ ಹೊಲಿದಾಕೆಯ ಹೆಸರು, ಊರು, ಇಸವಿಯನ್ನು ದಾರದಲ್ಲೇ ಬರೆಸಿ. ಚಪಡ ಚಕ್ರವರ್ತಿಯ ಬಂಡೆಯ ಮೇಲೆಯೇ ತನ್ನ ಹೆಸರು ಹಾಕಿಕೊಂಡ, ಯಾರೂ ತಪ್ಪು ಅನ್ನಲಿಲ್ಲ. ಇನ್ನೊಂದು ಮಾತು ಕೂಲಿಯದು. ರೇಷ್ಮೆ ಸೀರೆಯ ಅಂಗಡಿಯಲ್ಲಿ ಎಷ್ಟು ಬೇಕಾದರೂ ಚೌಕಾಸಿ ಮಾಡಿ. ಕೌದಿ ಹೊಲಿಯುವಾಕೆ ಕೇಳಿದಷ್ಟು ಕೊಡಿ, ಆಕೆ ಕೇಳುವುದೇ ಕಡಿಮೆ.